ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯ ಮತ್ತು ಹೇಮಾವತಿಯ ನೀರು

ಹಾಸನದಿಂದ ಸುಮಾರು 20 ಕಿಲೋಮೀಟರು ದೂರದಲ್ಲಿ, ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ಕ್ಯಾಥೊಲಿಕ್ ದೇವಾಲಯವನ್ನು ಕುರಿತು ಈಚಿನ ವರ್ಷಗಳಲ್ಲಿ ಹಲವು ಬರಹಗಳು ಬಂದಿವೆ. ಅವುಗಳಲ್ಲಿ ಬಹುಪಾಲು ಆ ಕಟ್ಟಡವನ್ನು ‘ತೇಲುವ ಚರ್ಚು’ ಎಂದೋ ‘ಮುಳುಗುವ ಚರ್ಚು’ ಎಂದೋ ಕರೆದು, ಮಳೆ ಪ್ರವಾಹಗಳ ಹೊಡೆತವನ್ನು ತಾಳಿಕೊಂಡು ನಿಂತ ಸೋಜಿಗವೆಂದು ವರ್ಣಿಸಿ ಮುಗಿಸುತ್ತವೆ. ಆ ಸೋಜಿಗವನ್ನು ಅಲ್ಲಗಳೆಯುವುದು ಈ ಲೇಖನದ ಉದ್ದೇಶವಲ್ಲ. ಆದರೆ ‘ಪ್ರಕೃತಿಯ ವಿಕೋಪ’ ಎಂಬ ಮಾತು ಇಲ್ಲಿ ಎಷ್ಟರಮಟ್ಟಿಗೆ ಸಲ್ಲುತ್ತದೆ, ‘ಉಳಿದುಕೊಂಡಿತು’ ಎಂಬ ಮಾತಿಗೆ ಏನು ಅರ್ಥ ಎಂಬ ಎರಡು ಅಂಶಗಳು ವಿಚಾರಣೀಯವಾಗಿವೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯವನೊಬ್ಬನು ಹಾಸನ ಜಿಲ್ಲೆಯ ದೇವಾಲಯದ ಗೊಡವೆಗೆ ಏಕೆ ಹೋಗಬೇಕೆಂದು ವಾಚಕರು ಕೇಳಬಹುದು. ಅದಕ್ಕೆ ಉತ್ತರ ನೀರಿನಲ್ಲಿದೆ; ಅದು ಮುಂದೆ ತಾನಾಗಿಯೇ ಬರುತ್ತದೆ.

ಮೊದಲು ಕಾಲನಿರ್ಣಯದ ಮಾತು. ನಮ್ಮ ಸೀಮೆಯ ಇತಿಹಾಸ ವಿದ್ಯಾರ್ಥಿಗಳಿಗೆ ಅರಳುಗುಪ್ಪೆಯ ಕಲ್ಲೇಶ್ವರ, ತುರುವೇಕೆರೆಯ ಹೊಯ್ಸಳ ಗುಡಿಗಳು ಮೊದಲ ಪಾಠಶಾಲೆ. ಕಲ್ಲು, ಕಂಬ, ಶಾಸನ, ರಾಜನ ಹೆಸರು, ಶಕವರ್ಷ, ಇವನ್ನು ಹಿಡಿದು ಕಟ್ಟಡದ ಕಾಲವನ್ನು ಹೇಳುವುದು ನಮಗೆ ಅಭ್ಯಾಸವಾಗಿದೆ. ಇಟ್ಟಿಗೆ ಗಾರೆಯ ಕ್ರೈಸ್ತ ದೇವಾಲಯದ ಮುಂದೆ ಈ ಅಭ್ಯಾಸ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಶೆಟ್ಟಿಹಳ್ಳಿಯ ದೇವಾಲಯವನ್ನು 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದರೆಂಬುದು ಸಾಮಾನ್ಯವಾಗಿ ಒಪ್ಪಿರುವ ಅಭಿಪ್ರಾಯ. ಇದರ ಜೊತೆಗೆ ಇನ್ನೊಂದು ಹೇಳಿಕೆಯೂ ಬಳಕೆಯಲ್ಲಿದೆ: ಆಲೂರು ಸಕಲೇಶಪುರಗಳ ಸಿರಿವಂತ ಇಂಗ್ಲಿಷ್ ತೋಟಗಾರರಿಗಾಗಿ 1810ರಲ್ಲಿಯೇ ಅಬೆ ದುಬ್ವಾ ಇಲ್ಲಿ ದೇವಾಲಯವನ್ನು ಸ್ಥಾಪಿಸಿದನೆಂಬುದು. ಈ ಹೇಳಿಕೆಯ ಎರಡು ಭಾಗಗಳು ಒಂದಕ್ಕೊಂದು ಹೊಂದುವುದಿಲ್ಲ. ಮಂಜರಾಬಾದಿನ ಸೀಮೆಯಲ್ಲಿ ಫ್ರೆಡರಿಕ್ ಗ್ರೀನ್ ಕಾಫಿ ತೋಟವನ್ನು ಆರಂಭಿಸಿದ್ದು 1843ರಲ್ಲಿ. ಅದಕ್ಕೂ ಮೂವತ್ತು ವರ್ಷ ಹಿಂದೆ ಆ ಕಾಡುಗಳಲ್ಲಿ ದೇವಾಲಯವನ್ನು ಬೇಡುವಷ್ಟು ಇಂಗ್ಲಿಷ್ ತೋಟಗಾರರು ಎಲ್ಲಿಂದ ಬರಬೇಕು? ಕಾಫಿಯ ಸಾಹೇಬರ ನೆನಪು ಹಿಂದಕ್ಕೆ ಸರಿದು ದುಬ್ವಾನ ನೆನಪಿನೊಡನೆ ಬೆರೆತಿದೆಯೆಂದು ತಿಳಿಯುವುದೇ ಯುಕ್ತ.

ಆದರೆ ದುಬ್ವಾನ ಹೆಸರು ಈ ಭಾಗದಲ್ಲಿ ಬರಿಯ ದಂತಕಥೆಯಲ್ಲ. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ, 1792ರಲ್ಲಿ, ಭಾರತಕ್ಕೆ ಬಂದ ಈ ಪಾದ್ರಿಯು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು, ಚದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಮತ್ತೆ ಒಂದುಗೂಡಿಸಿದನು. ಇಲ್ಲಿಯವರಂತೆಯೇ ಉಟ್ಟು ಉಂಡು ಬದುಕಿದ ಆತನನ್ನು ಜನ ‘ದೊಡ್ಡಸ್ವಾಮಿ’ಯೆಂದು ಕರೆದರು. ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಆತನ ಗ್ರಂಥದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಕೊಂಡು 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿತು. ಆ ಗ್ರಂಥದ ಹೆಚ್ಚಿನ ಭಾಗ ಕೊರ್ದೂ ಎಂಬ ಹಳೆಯ ಜೆಸುಯಿಟ್ ಪಾದ್ರಿಯ ಬರಹದಿಂದ ಬಂದದ್ದೆಂದು ಈಚೆಗೆ ವಿದ್ವಾಂಸರು ತೋರಿಸಿಕೊಟ್ಟಿರುವುದರಿಂದ ಗ್ರಂಥಕರ್ತನೆಂಬ ಕೀರ್ತಿ ಸ್ವಲ್ಪ ಮಾಸಿದೆ. ಮಾಸದೆ ಉಳಿದಿರುವುದು ಆತನ ಎರಡು ಕೆಲಸಗಳು. ಒಂದು, ಸಿಡುಬಿನ ವಿರುದ್ಧ ದೇವಿ ಹಾಕಿಸುವುದು. 1803–04ರ ಅವಧಿಯಲ್ಲಿ ಆತನ ಮೇಲ್ವಿಚಾರಣೆಯಲ್ಲಿ 25,432 ಮಂದಿಗೆ ದೇವಿ ಹಾಕಲಾಯಿತೆಂಬ ಲೆಕ್ಕವಿದೆ. ಇನ್ನೊಂದು, ನೆಲವಿಲ್ಲದೆ ಅಲೆಯುತ್ತಿದ್ದ ಕ್ರೈಸ್ತರಿಗೆ ಉಳುವ ಭೂಮಿಯನ್ನು ಒದಗಿಸುವುದು. ಹಾಸನದ ಹತ್ತಿರದ ಸಾತಳ್ಳಿಯಲ್ಲಿ ಆತನು ನೆಲೆಗೊಳಿಸಿದ ಬೇಸಾಯದ ಊರು ಇದಕ್ಕೆ ನಿದರ್ಶನ. ಶೆಟ್ಟಿಹಳ್ಳಿಯ ದೇವಾಲಯವನ್ನು ತಿಳಿಯಬೇಕಾದರೆ ಈ ಸಾತಳ್ಳಿಯನ್ನು ನೆನೆಯಬೇಕು. ಹೊಳೆಯ ದಂಡೆಯ ಕನ್ನಡ ಒಕ್ಕಲು ಮಕ್ಕಳ ನಡುವೆ ಬೇರುಬಿಟ್ಟ ಕ್ರೈಸ್ತಧರ್ಮವು ಅಲ್ಲಿಯದು. ಅದಿಲ್ಲದೆ ಅಷ್ಟು ದೊಡ್ಡ ದೇವಾಲಯಕ್ಕೆ ಆ ಹಳ್ಳಿಯಲ್ಲಿ ಕಾರಣವೇ ಇರುತ್ತಿರಲಿಲ್ಲ. ತೋಟದ ಸಾಹೇಬರು ಬಂದು ಪ್ರಾರ್ಥಿಸಿರಬಹುದು; ನಿತ್ಯದ ಸಭೆ ಊರವರದು.

1860ರ ದಶಕವೆಂದರೆ ಮೈಸೂರು ಮಿಷನ್ ಶಾರ್ಬೊನೋ ಬಿಷಪ್ಪನ ಕೈಯಲ್ಲಿದ್ದ ಕಾಲ. ಬೆಂಗಳೂರಿನಲ್ಲಿ ಮಿಷನ್ನಿನ ಅಚ್ಚುಕೂಟ ನಡೆಯುತ್ತಿತ್ತು. ಬಿಷಪ್ಪನೂ ಆತನ ಪಾದ್ರಿಗಳೂ ಸೇರಿ ಸಿದ್ಧಪಡಿಸಿದ ಲ್ಯಾಟಿನ್–ಕನ್ನಡ ನಿಘಂಟು 1861ರಲ್ಲಿ ಹೊರಬಂದಿತು. ಕನ್ನಡವನ್ನು ಇಷ್ಟು ಶ್ರದ್ಧೆಯಿಂದ ಕಲಿತವರು ಕಟ್ಟಡದಲ್ಲಿ ಮಾತ್ರ ತಮ್ಮ ತಾಯ್ನಾಡಿನ ಗಾಥಿಕ್ ಮಾದರಿಯನ್ನು ಬಿಡಲಿಲ್ಲ. ಶೆಟ್ಟಿಹಳ್ಳಿಯ ಚೂಪುಕಮಾನುಗಳು, ಎತ್ತರವಾದ ಕಿಟಕಿಗಳು, ಗೋಡೆಗೆ ಹೊರಗಿನಿಂದ ಆತುಕೊಟ್ಟ ಆಸರೆಗಂಬಗಳು, ಪೀಠದ ಹಿಂದಿನ ಬಾಗಿದ ಗೋಡೆ ಇವೆಲ್ಲ ಆ ಮಾದರಿಯವು. ಕಟ್ಟಿದ ಕೈ, ಸುಟ್ಟ ಇಟ್ಟಿಗೆ, ಅರೆದ ಗಾರೆ ಇಲ್ಲಿಯವು.

ಈಗ ವಿಕೋಪದ ಮಾತಿಗೆ ಬರೋಣ. ಈ ದೇವಾಲಯ ಕಂಡ ಕಾಲದಲ್ಲಿ ಪ್ರಕೃತಿಯ ವಿಕೋಪವೆಂದು ನಿಸ್ಸಂದೇಹವಾಗಿ ಕರೆಯಬಹುದಾದದ್ದು 1876–78ರ ಧಾತು–ಈಶ್ವರ ಸಂವತ್ಸರಗಳ ಕ್ಷಾಮ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412, 1881ರಲ್ಲಿ 41,86,188. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಸಂಖ್ಯೆ ಎಂಟೂವರೆ ಲಕ್ಷಕ್ಕೂ ಮೇಲ್ಪಟ್ಟು ಕುಗ್ಗಿತು. ಮೈದಾನದ ಜಿಲ್ಲೆಗಳು, ಅದರಲ್ಲಿಯೂ ನಮ್ಮ ತುಮಕೂರು, ಅತಿಯಾಗಿ ನೊಂದವು. ಕ್ಷಾಮದಲ್ಲಿ ತಬ್ಬಲಿಗಳಾದ ಮಕ್ಕಳನ್ನು ಮಿಷನ್ ಸಾಕಿ, ಅವರು ಬೆಳೆದ ಮೇಲೆ ಅವರಿಗಾಗಿ ಬೇಸಾಯದ ಊರುಗಳನ್ನೇ ಕಟ್ಟಿತು. ನೆಲಮಂಗಲದ ಕಡೆಯ ಸಿಲುವೇಪುರ, ಕನಕಪುರದ ಕಡೆಯ ಮರಿಯಾಪುರ ಹಾಗೆ ಹುಟ್ಟಿದವು. ಆ ನಂತರ 1898ರಲ್ಲಿ ಸಂಸ್ಥಾನಕ್ಕೆ ಪ್ಲೇಗು ಬಂದಿತು, 1918ರಲ್ಲಿ ಇನ್‌ಫ್ಲುಯೆಂಜಾ, 1924ರ ರಕ್ತಾಕ್ಷಿ ಸಂವತ್ಸರದಲ್ಲಿ ಕಾವೇರಿ ಕಣಿವೆಯ ಮಹಾಪ್ರವಾಹ. ಇವೆಲ್ಲ ಹಾದುಹೋದವು. ಇವುಗಳಲ್ಲಿ ಯಾವುದೂ ಶೆಟ್ಟಿಹಳ್ಳಿಯ ಗಂಟೆಯನ್ನು ನಿಲ್ಲಿಸಲಿಲ್ಲ. ಅದನ್ನು ನಿಲ್ಲಿಸಿದ್ದು ಒಂದು ಸರಕಾರಿ ತೀರ್ಮಾನ.

ಹೇಮಾವತಿಯು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಜಾವಳಿಯ ಹತ್ತಿರ ಹುಟ್ಟಿ, ಸಕಲೇಶಪುರವನ್ನು ಹಾದು, ಹಾಸನ ಜಿಲ್ಲೆಯನ್ನು ಸುತ್ತಿಕೊಂಡು ಹರಿದು ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರುತ್ತದೆ. ಗೊರೂರಿನಲ್ಲಿ ಇದಕ್ಕೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣವಾಯಿತು. ಜಲಾಶಯದ ಪೂರ್ಣಮಟ್ಟ ಸಮುದ್ರಮಟ್ಟದಿಂದ 2,922 ಅಡಿ; ಅದು ಹಿಡಿಯುವ ನೀರು 37.103 ಟಿ.ಎಂ.ಸಿ. ಅಡಿ. ಶೆಟ್ಟಿಹಳ್ಳಿಯೂ ಸೇರಿ 28 ಹಳ್ಳಿಗಳು ಮುಳುಗಿದವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಇಲ್ಲಿ ಒಂದು ತಪ್ಪನ್ನು ತಿದ್ದಬೇಕಾಗಿದೆ. ಪ್ರವಾಸಿ ಬರಹಗಳಲ್ಲಿ ದೇವಾಲಯವು 1960ರಲ್ಲಿ ನೀರುಪಾಲಾಯಿತೆಂದು ಒಬ್ಬರನ್ನೊಬ್ಬರು ನೋಡಿ ಬರೆಯುತ್ತ ಬಂದಿದ್ದಾರೆ. 1960ರಲ್ಲಿ ಗೊರೂರಿನಲ್ಲಿ ಜಲಾಶಯವೇ ಇರಲಿಲ್ಲ. ಹೇಮಾವತಿ, ಕಬಿನಿ, ಹಾರಂಗಿಗಳ ಕಾಮಗಾರಿಗಳನ್ನು ಆಕ್ಷೇಪಿಸಿ ತಮಿಳುನಾಡು ನ್ಯಾಯಮಂಡಲಿಯನ್ನು ಕೇಳಿದ್ದು 1970ರಲ್ಲಿ, ಸುಪ್ರೀಂ ಕೋರ್ಟಿಗೆ ಹೋದದ್ದು 1971ರಲ್ಲಿ. ಹತ್ತು ವರ್ಷ ಹಿಂದೆಯೇ ತುಂಬಿ ನಿಂತ ಜಲಾಶಯದ ಮೇಲೆ ಹಾಗೆ ವ್ಯಾಜ್ಯ ಹೂಡುವವರಿಲ್ಲ. ಮೈಸೂರು ರಾಜ್ಯವೆಂಬ ಹೆಸರಿದ್ದಾಗ ಆರಂಭವಾದ ಕೆಲಸ, 1973ರಲ್ಲಿ ರಾಜ್ಯದ ಹೆಸರು ಬದಲಾದ ಮೇಲೆ ಕರ್ನಾಟಕದ ಕೆಲಸವಾಗಿ ಮುಗಿಯಿತು. ಈ ಹತ್ತೊಂಬತ್ತು ವರ್ಷಗಳ ವ್ಯತ್ಯಾಸ ಬರಿಯ ಅಂಕಿಯ ಹಟವಲ್ಲ. 1960 ಎಂದರೆ ಊರು ಬಿಟ್ಟವರು ಹಿಂದಿನ ತಲೆಮಾರಿನವರಾಗಿಬಿಡುತ್ತಾರೆ. 1970ರ ದಶಕ ಎಂದರೆ ಆ ದೇವಾಲಯದಲ್ಲಿ ನಾಮಕರಣವಾದವರು, ಮದುವೆಯಾದವರು ನಮ್ಮ ನಡುವೆಯೇ ಇದ್ದಾರೆ. ಅವರನ್ನು ಹೋಗಿ ಕೇಳಬಹುದು.

ಆ ಊರಿನವರು ಈಗ ನೆಲೆಸಿರುವ ಕಡೆ ಈ ಲೇಖಕನು ಒಮ್ಮೆ ಹೋಗಿದ್ದಾಗ, ಜಗಲಿಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಯಾವ ಊರೆಂದು ವಿಚಾರಿಸಿದರು. ತಿಪಟೂರಿನ ಕಡೆಯೆಂದು ಹೇಳಿದ್ದಕ್ಕೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಮೇಷ್ಟ್ರೆ, ನಮ್ಮೂರ ಮೇಲಿನ ನೀರು ನಿಮ್ಮ ತೋಟಕ್ಕೆ ಬರುತ್ತೆ ಅನ್ನಿ” ಎಂದರು. ಅದರಲ್ಲಿ ಸಿಟ್ಟು ಇರಲಿಲ್ಲ. ಕಾಫಿ ತರಿಸಿಕೊಟ್ಟರು. ಆದರೆ ಅಲ್ಲಿಯವರೆಗೆ ಟಿಪ್ಪಣಿ ಬರೆದುಕೊಳ್ಳುತ್ತಿದ್ದವನಿಗೆ ಮುಂದೆ ಬರೆಯಲು ಕೈ ಬರಲಿಲ್ಲ.

ಅವರು ಹೇಳಿದ್ದು ಅಕ್ಷರಶಃ ನಿಜ. ಗೊರೂರಿನ ಎಡದಂಡೆಯ ನಾಲೆಯಿಂದ ಹೊರಟ ನೀರು ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು–ನವಿಲೆಯ ಸುರಂಗದಲ್ಲಿ ದಿಣ್ಣೆಯ ಅಡಿಯನ್ನು ತೂರಿ, ತುಮಕೂರು ಶಾಖಾನಾಲೆಯಾಗಿ ನಮ್ಮ ಸೀಮೆಗೆ ಇಳಿಯುತ್ತದೆ. ತಿಪಟೂರು, ತುರುವೇಕೆರೆ, ಗುಬ್ಬಿ, ತುಮಕೂರು, ಕುಣಿಗಲ್ ತಾಲ್ಲೂಕುಗಳ ಕೆರೆಗಳು ಇದರಿಂದ ತುಂಬುತ್ತವೆ. ಚಿಕ್ಕನಾಯಕನಹಳ್ಳಿಯ ಕೆರೆಗಳಿಗೆ ನೀರು ಏರಿಸುವ ಏರ್ಪಾಡು ಬಹಳ ತಡವಾಗಿ ಬಂದಿತು. ಇದಕ್ಕೆ ಮೊದಲು ನಮ್ಮ ತೆಂಗು ಮಳೆಯನ್ನೂ ಕೆರೆಯ ಹಿಂದಿನ ಜೌಗನ್ನೂ ನಂಬಿಕೊಂಡಿತ್ತು. ಆಮೇಲೆ ಬಾವಿ, ಆಮೇಲೆ ಕೊಳವೆಬಾವಿ. ಎರಡು ಮೂರು ವರ್ಷ ಒಂದೇ ಸಮನೆ ಮಳೆ ಹೋದರೆ ಮರದ ಸುಳಿ ಬಾಡಿ, ಗರಿ ಜೋತುಬಿದ್ದು, ಐವತ್ತು ವರ್ಷದ ತೋಟ ಕಣ್ಣೆದುರಿಗೆ ಬೋಳಾಗುವುದನ್ನು ನೋಡದ ಮನೆ ಇಲ್ಲಿ ಇಲ್ಲ. ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ದೇಶದಲ್ಲೆಲ್ಲ ಹೆಸರಿದೆ. ಆ ಹೆಸರು ಕೆರೆಯ ನೀರಿನ ಮೇಲೆ ನಿಂತಿದೆ. ಆದುದರಿಂದಲೇ 2024–25ರಲ್ಲಿ ಈ ನಾಲೆಯಿಂದ ಕುಣಿಗಲ್ಲಿನ ಕಡೆಗೆ ನೇರವಾದ ಕೊಂಡಿಕಾಲುವೆ ತೆಗೆಯುವ ಕೆಲಸ ಬಂದಾಗ ಗುಬ್ಬಿ, ತುರುವೇಕೆರೆ, ತಿಪಟೂರುಗಳ ರೈತರು ಬೀದಿಗಿಳಿದರು. ಆ ಚಳವಳಿಯ ನ್ಯಾಯಾನ್ಯಾಯಗಳನ್ನು ಇಲ್ಲಿ ಎತ್ತುವುದಿಲ್ಲ. ಒಂದನ್ನು ಮಾತ್ರ ಗಮನಿಸಬೇಕು: ಹೇಮಾವತಿ ಯಾರದೆಂದು ಕೇಳಿದ ಅಷ್ಟು ಭಾಷಣಗಳಲ್ಲಿ ಈ ಲೇಖಕನ ಕಿವಿಗೆ ಬಿದ್ದ ಯಾವುದರಲ್ಲಿಯೂ ಮುಳುಗಡೆಯಾದ ಊರುಗಳ ಹೆಸರಿರಲಿಲ್ಲ.

ದೇವಾಲಯದ ಗೋಡೆಗಳಿಗೂ ನಮ್ಮ ನಾಲೆಗೂ ಇರುವ ಸಂಬಂಧ ಇದಕ್ಕಿಂತಲೂ ಹತ್ತಿರದ್ದು. ಮುಂಗಾರು ಬಲಿತು ಜುಲೈ–ಆಗಸ್ಟ್ ತಿಂಗಳುಗಳಲ್ಲಿ ಜಲಾಶಯ ತುಂಬುತ್ತದೆ. ದೇವಾಲಯದ ಕೆಳಭಾಗ ಮುಳುಗಿ ಮೇಲಿನ ಕಮಾನುಗಳು ಮಾತ್ರ ಕಾಣುತ್ತವೆ. ನಾಲೆಗಳಿಗೆ ನೀರು ಬಿಟ್ಟಂತೆಲ್ಲ ಹಿನ್ನೀರು ಇಳಿಯುತ್ತದೆ. ಬೇಸಿಗೆಯ ಹೊತ್ತಿಗೆ ಒಳಗೆ ನಡೆದು ಹೋಗುವಷ್ಟು ನೆಲ ಬಿಡುತ್ತದೆ. ನಮ್ಮ ಕೆರೆ ತುಂಬುವ ಹದಕ್ಕೆ ಆ ಗೋಡೆ ಬಿಸಿಲಿಗೆ ಬರುತ್ತದೆಂದು ಹೇಳಿದರೆ ಅತಿಶಯೋಕ್ತಿಯಲ್ಲ. ಹೀಗೆ ಮುಳುಗಿ ಏಳುವುದು ನಾಲ್ಕು ದಶಕಗಳಿಗೂ ಮೀರಿ ನಡೆದಿದೆ. ಬೆಲ್ಲ, ಮೊಟ್ಟೆ ಬೆರೆಸಿದ ಗಾರೆಯ ಬಲದಿಂದ ಗೋಡೆಗಳು ನಿಂತಿವೆಯೆಂದು ಜನ ಹೇಳುತ್ತಾರೆ. ಇದನ್ನು ಕಟ್ಟುಕಥೆಯೆಂದು ತಳ್ಳುವಂತಿಲ್ಲ. ಸುಣ್ಣಕ್ಕೆ ಬೆಲ್ಲದ ನೀರು, ಮೊಟ್ಟೆಯ ಲೋಳೆ ಬೆರೆಸುವುದು ದಕ್ಷಿಣದ ಗಾರೆಕೆಲಸದವರ ಹಳೆಯ ಪದ್ಧತಿ. ಅದರಿಂದ ಗಾರೆ ನಿಧಾನವಾಗಿ ಬಿಗಿದು ಗಟ್ಟಿಯಾಗುತ್ತದೆ. ಆದರೆ ಯಾವ ಗಾರೆಯೂ ನೀರಿನಲ್ಲಿ ಅರ್ಧ ವರ್ಷ, ಬಿಸಿಲಿನಲ್ಲಿ ಅರ್ಧ ವರ್ಷ ಇರುವುದಕ್ಕೆಂದು ಅರೆದದ್ದಲ್ಲ. ನಿಂತ ನೀರಿನಲ್ಲಿ ಸದಾ ಮುಳುಗಿರುವ ಗೋಡೆ ಬಹುಕಾಲ ಬಾಳೀತು. ಸದಾ ಒಣಗಿರುವುದೂ ಬಾಳೀತು. ಕೆಡಿಸುವುದು ಎರಡರ ಸರದಿ. ನೆನೆದ ಇಟ್ಟಿಗೆ ನೀರನ್ನು ಕುಡಿದು, ಒಣಗುವಾಗ ಉಪ್ಪನ್ನು ಮೈಮೇಲೆ ಉಗುಳುತ್ತದೆ. ಆ ಉಪ್ಪು ಹರಳುಗಟ್ಟಿ ಇಟ್ಟಿಗೆಯ ಮುಖವನ್ನು ಸಿಪ್ಪೆಸಿಪ್ಪೆಯಾಗಿ ಎಬ್ಬಿಸುತ್ತದೆ. ನೀರಿನ ಮಟ್ಟ ಇಳಿಯುವಾಗ ಅಲೆಗಳು ಒಂದೊಂದು ಎತ್ತರದಲ್ಲಿಯೂ ಕೆಲವು ದಿನ ಗೋಡೆಯನ್ನು ತಟ್ಟುತ್ತವೆ. ಗಾರೆ ಸವೆದ ಸಂದುಗಳಲ್ಲಿ ಹುಲ್ಲು ಬೇರೂರುತ್ತದೆ. ಮೇಲ್ಛಾವಣಿ ಇಲ್ಲದುದರಿಂದ ಮಳೆ ಗೋಡೆಯ ನೆತ್ತಿಯಿಂದಲೇ ಇಳಿಯುತ್ತದೆ. ಈಚಿನ ವರ್ಷಗಳ ಭಾರಿ ಮಳೆಗಳಲ್ಲಿ ಗೋಡೆಯ ಭಾಗಗಳು ಕುಸಿದಿವೆ. ಉಳಿದುಕೊಂಡ ಕಟ್ಟಡವೆನ್ನುವುದಕ್ಕಿಂತ, ನಿಧಾನವಾಗಿ ಹೋಗುತ್ತಿರುವ ಕಟ್ಟಡವೆನ್ನುವುದು ಹೆಚ್ಚು ಸರಿ.

ಮುಳುಗಡೆಯಾದ ಎಲ್ಲ ದೇವಾಲಯಗಳ ಗತಿಯೂ ಒಂದೇ ಆಗಿಲ್ಲ. ಕೃಷ್ಣರಾಜಸಾಗರದಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು ಈ ಶತಮಾನದ ಆರಂಭದ ವರ್ಷಗಳಲ್ಲಿ ಕಲ್ಲು ಕಲ್ಲಾಗಿ ಬಿಚ್ಚಿ ಮೇಲಿನ ದಂಡೆಯಲ್ಲಿ ಮತ್ತೆ ಕಟ್ಟಿದರು. ಅದು ಕಲ್ಲಿನ ಗುಡಿಯಾದುದರಿಂದ ಸಾಧ್ಯವಾಯಿತು. ಹೊಯ್ಸಳರ ಕಾಲದ ಬೆಸುಗೆ ಬಿಚ್ಚಿದರೆ ಮತ್ತೆ ಕೂಡುವಂಥದು. ಇಟ್ಟಿಗೆಯ ಗೋಡೆಯನ್ನು ಬಿಚ್ಚಿದರೆ ದೊರೆಯುವುದು ಇಟ್ಟಿಗೆಯ ರಾಶಿ ಮಾತ್ರ. ಉತ್ತರ ಇಟಲಿಯ ಗ್ರಾವುನ್ ಎಂಬ ಹಳ್ಳಿಯನ್ನು 1950ರಲ್ಲಿ ವಿದ್ಯುತ್ತಿನ ಜಲಾಶಯಕ್ಕಾಗಿ ಮುಳುಗಿಸಿದಾಗ ಹದಿನಾಲ್ಕನೆಯ ಶತಮಾನದ ಗಂಟೆಗೋಪುರವೊಂದನ್ನು ಉಳಿಸಿದರು. ಅದನ್ನು ಈಗಲೂ ದುರಸ್ತಿ ಮಾಡಿ ಕಾಪಾಡುತ್ತಾರೆ. ಸ್ಪೇಯಿನಿನ ಕತಲೋನಿಯದಲ್ಲಿ ಸೌ ಜಲಾಶಯದ ಹಳೆಯ ದೇವಾಲಯ 2023ರ ಬರದಲ್ಲಿ ಪೂರ್ಣವಾಗಿ ಹೊರಗೆ ಕಂಡಿತು. ಅಲ್ಲಿಯ ಜನಕ್ಕೆ ಆ ದೇವಾಲಯ ಕಾಣುವುದೆಂದರೆ ಬರದ ಗುರುತು. ಶೆಟ್ಟಿಹಳ್ಳಿಯ ದೇವಾಲಯವು ನಮಗೂ ಅಂಥ ಗುರುತಾಗಬಹುದಿತ್ತು. ಅದರ ನೆಲ ಬೇಗನೆ ಬಿಟ್ಟ ವರ್ಷ ತುರುವೇಕೆರೆಯ ಕಡೆ ನಾಲೆ ಒಣಗಿರುತ್ತದೆ. ಆದರೆ ನಾವು ಅದನ್ನು ಹಾಗೆ ನೋಡಿಲ್ಲ. ಚಿತ್ರ ತೆಗೆಯುವವರಿಗೆ ಬಿಟ್ಟುಕೊಟ್ಟಿದ್ದೇವೆ.

ಈ ಹೊಳೆಯ ದಂಡೆಯ ಬದುಕನ್ನು ಕನ್ನಡ ಓದುಗರಿಗೆ ಪರಿಚಯಿಸಿದವರು ಗೊರೂರು ರಾಮಸ್ವಾಮಿ ಅಯ್ಯಂಗಾರರು. ಅವರ ಹಳ್ಳಿಗೆ ಒಬ್ಬ ಲೇಖಕ ದೊರೆತನು. ಶೆಟ್ಟಿಹಳ್ಳಿಗೆ ಹಾಗೆ ಒಬ್ಬನು ದೊರೆಯಲಿಲ್ಲ. ಆದರೆ ಕ್ಯಾಥೊಲಿಕ್ ಸಭೆಗಳಲ್ಲಿ ಇನ್ನೊಂದು ಬಗೆಯ ಬರಹವಿರುತ್ತದೆ: ನಾಮಕರಣ, ವಿವಾಹ, ಮರಣಗಳ ದಾಖಲೆಯ ಪುಸ್ತಕಗಳು. ರಾಜರ ಶಾಸನಗಳಲ್ಲಿ ಬಾರದ ಒಕ್ಕಲಿನ ಹೆಸರು, ತಂದೆತಾಯಿಯ ಹೆಸರು, ಊರು, ವಯಸ್ಸು ಅವುಗಳಲ್ಲಿ ಬರುತ್ತವೆ. ಕ್ಷಾಮದ ಎರಡು ವರ್ಷಗಳಲ್ಲಿ ಒಂದು ಸಭೆಯಲ್ಲಿ ಎಷ್ಟು ಮಂದಿ ಸತ್ತರೆಂಬುದನ್ನು ತಿಂಗಳು ತಿಂಗಳಿಗೆ ತಿಳಿಯಲು ಇಂಥ ಪುಸ್ತಕಕ್ಕಿಂತ ಒಳ್ಳೆಯ ಆಧಾರ ನಮ್ಮ ಜಿಲ್ಲೆಗಳಲ್ಲಿ ಸಿಗಲಾರದು. 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ ಸ್ಥಾಪನೆಯಾದಾಗ ಹಾಸನ ಜಿಲ್ಲೆಯ ಸಭೆಗಳು ಅದಕ್ಕೆ ಸೇರಿದವು; ಅದಕ್ಕೆ ಹಿಂದೆ ಅವು ಮೈಸೂರಿನ ಆಡಳಿತದಲ್ಲಿದ್ದವು. ಆದುದರಿಂದ ಶೆಟ್ಟಿಹಳ್ಳಿ ಸಾತಳ್ಳಿಗಳ ಕಾಗದಪತ್ರಗಳನ್ನು ಅರಸುವವರು ಈ ಎರಡು ಪಟ್ಟಣಗಳನ್ನೂ, ಮಿಷನ್ನಿನ ತಾಯಿಮನೆಯಾದ ಪ್ಯಾರಿಸನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಳುಗಡೆಗೆ ಸಂಬಂಧಿಸಿದ ಭೂಸ್ವಾಧೀನದ ಕಾಗದಗಳು ಬೇರೆಯೇ ಒಂದು ಭಂಡಾರ. ಯಾರ ಹೊಲ ಎಷ್ಟು ಎಕರೆ ಹೋಯಿತು, ಅದಕ್ಕೆ ಎಷ್ಟು ಪರಿಹಾರ ದೊರೆಯಿತು ಎಂಬುದನ್ನು ತಿಳಿಯದೆ ಹೇಮಾವತಿ ಯೋಜನೆಯ ಇತಿಹಾಸ ಬರೆದರೆ ಅದು ಅರ್ಧ ಇತಿಹಾಸವಾದೀತು. ನಾಲೆಯ ಕೆಳಗಿನ ಅರ್ಧವನ್ನು ಬರೆಯಲು ನಮ್ಮಲ್ಲಿ ಅನೇಕರು ಉತ್ಸುಕರಾಗಿದ್ದಾರೆ.

ಕಟ್ಟಡವನ್ನು ಕುರಿತು ತುರ್ತಾಗಿ ಆಗಬೇಕಾದ ಕೆಲಸ ಚಿಕ್ಕದು. ನೀರು ತಗ್ಗಿರುವ ಏಪ್ರಿಲ್–ಮೇ ತಿಂಗಳುಗಳಲ್ಲಿ ಗೋಡೆಗಳ ಅಳತೆ ತೆಗೆದು, ನಕ್ಷೆ ಬರೆದು, ಇಟ್ಟಿಗೆಯ ಗಾತ್ರವನ್ನೂ ಗಾರೆಯ ಮಾದರಿಯನ್ನೂ ಸಂಗ್ರಹಿಸಬೇಕು. ಗಾರೆಯನ್ನು ರಸಾಯನ ವಿಭಾಗದಲ್ಲಿ ಪರೀಕ್ಷಿಸಿದರೆ ಬೆಲ್ಲ ಮೊಟ್ಟೆಗಳ ಮಾತು ಎಷ್ಟು ನಿಜವೆಂಬುದೂ ತೀರ್ಮಾನವಾಗುತ್ತದೆ. ಪ್ರತಿ ವರ್ಷ ಅದೇ ಜಾಗದಲ್ಲಿ ನಿಂತು ಅದೇ ಗೋಡೆಯ ಚಿತ್ರ ತೆಗೆದರೆ ಎಷ್ಟು ವೇಗವಾಗಿ ಸವೆಯುತ್ತಿದೆಯೆಂಬ ಲೆಕ್ಕ ಸಿಗುತ್ತದೆ. ಇವುಗಳಿಗಿಂತ ಮೊದಲು ಜನರನ್ನು ಕೇಳುವ ಕೆಲಸವಾಗಬೇಕು. 1979ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರಿಗೆ ಈಗ ಅರವತ್ತೈದು ದಾಟಿದೆ. ಹಬ್ಬದ ದಿನ ಮೆರವಣಿಗೆ ಯಾವ ದಾರಿಯಲ್ಲಿ ಹೋಗುತ್ತಿತ್ತು, ಗಂಟೆಯ ಸದ್ದು ಯಾವ ಊರಿನವರೆಗೆ ಕೇಳುತ್ತಿತ್ತು, ಹಿರಿಯರ ಸಮಾಧಿಗಳು ದೇವಾಲಯದ ಯಾವ ಮಗ್ಗುಲಲ್ಲಿದ್ದವು ಎಂಬುದನ್ನು ಹೇಳಬಲ್ಲವರು ಅವರು. ಮೇಲೆ ಹೇಳಿದ ಹಿರಿಯರು ಜಗಲಿಯ ಮಣ್ಣಿನ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದು ಇದು ಹೊಳೆ, ಇದು ಗುಡಿ, ಇದು ನಮ್ಮ ಮನೆ ಎಂದು ತೋರಿಸಿದ್ದರು. ಮುಂದಿನ ಬೇಸಿಗೆಯಲ್ಲಿ ನಮ್ಮ ವಿದ್ಯಾರ್ಥಿಗಳೊಡನೆ ಹೋಗುವಾಗ ಮೊದಲು ಆ ನಕ್ಷೆಯನ್ನು ಕಾಗದಕ್ಕೆ ಇಳಿಸಿಕೊಳ್ಳಬೇಕೆಂದಿದ್ದೇವೆ.